ಸೋಮವಾರದ ಜೋಳ

ಗಡಿಯಲ್ಲಿ ಬಂದೂಕು ಹಿಡಿದು ನಿಂತು ಬಂದವನು ಒಂದು ಕೆಂಪು ಬಸ್ಸಿಗೆ ಹೆದರುತ್ತಾನೆಂದರೆ ಯಾರೂ ನಂಬಲಿಕ್ಕಿಲ್ಲ. ಸೋಮವಾರ ನಸುಕಿನಲ್ಲಿ ನಮ್ಮ ಸೇಡಂನಿಂದ ಚಿಂಚೋಳಿಗೆ ಹೊರಡುವ ಮೊದಲ ಬಸ್ಸು ಅದು. ಅದರ ಹಾರ್ನು ಕೇಳಿದರೆ ಸಾಕು, ಕುಡಿಯುತ್ತಿದ್ದ ಚಹಾ ಅರ್ಧಕ್ಕೇ ಕೆಳಗಿಡುತ್ತೇನೆ. ಬಂದೂಕು ಹಿಡಿದವನು ಎಂದೆನಲ್ಲ, ಅದನ್ನೂ ಸ್ವಲ್ಪ ತಿದ್ದಿಕೊಳ್ಳಬೇಕು. ಪಲ್ಟನ್ನಿನಲ್ಲಿ ನಾನು ಬಂದೂಕಿಗಿಂತ ಹೆಚ್ಚು ಕಾಲ ಹಿಡಿದದ್ದು ಸೌಟು. ಜವಾನರ ಅಡುಗೆಮನೆ ನನ್ನ ಸುಪರ್ದಿನಲ್ಲಿತ್ತು. ಓಣಿಯವರಿಗೆ ಈ ಸಂಗತಿ ಪೂರ್ತಿ ಗೊತ್ತಿಲ್ಲ. ‘ಹವಾಲ್ದಾರ್ ಸಾಬ್’ ಎಂದು ಎದ್ದು ನಿಲ್ಲುತ್ತಾರೆ, ನಾನೂ ಮೀಸೆ ತಿರುವಿ ಸುಮ್ಮನಿರುತ್ತೇನೆ.

ಆ ಬಸ್ಸಿನಲ್ಲಿ ಹೋಗುವವಳು ನನ್ನ ಹೆಂಡತಿ ಮಹಾದೇವಿ. ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಕಲಿಸುವವಳು. ನಾನು ಸೈನ್ಯದಲ್ಲಿದ್ದಷ್ಟು ವರ್ಷ ಅವಳು ಸೇಡಂ ಬಿಟ್ಟು ಕದಲಲಿಲ್ಲ. ಬೇರೆ ಊರಿನ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಎರಡು ಸಲ ಬಂದಿತ್ತು, ಎರಡು ಸಲವೂ ಬೇಡವೆಂದಿದ್ದಳು. ಇದು ನನಗೆ ತಿಳಿದದ್ದು ಪಿಂಚಣಿ ಪಡೆದು ಮನೆಗೆ ಬಂದ ಮೇಲೆ. ‘ಯಾಕ ಬ್ಯಾಡಂದಿ?’ ಎಂದು ಕೇಳಿದೆ. ‘ನೀವು ರಜಾ ಮ್ಯಾಲ ಅಷ್ಟ ದೂರದಿಂದ ಬಂದಾಗ ಮನಿಗಿ ಕೀಲಿ ಹಾಕಿದ್ರ ಹ್ಯಾಂಗರಿ?’ ಎಂದಳು. ಆ ಮಾತು ಕೇಳಿ, ಇನ್ನು ಸಾಯುವತನಕ ಇವಳ ಎದುರಿಗೇ ಕುಳಿತು ಬಿಸಿ ರೊಟ್ಟಿ ತಿನ್ನಬೇಕು, ಎಲ್ಲಿಗೂ ಹೋಗಬಾರದು ಎಂದು ನಿಶ್ಚಯಿಸಿ ನನ್ನ ಕರಿ ಟ್ರಂಕನ್ನು ಅಟ್ಟಕ್ಕೇರಿಸಿದೆ. ಅದರ ಮೇಲೆ ಧೂಳು ಕೂರುವ ಮೊದಲೇ ಮೂರನೆಯ ಸಲ ಬಡ್ತಿ ಬಂತು. ಊರು ಚಿಂಚೋಳಿ. ದಿನಾ ಹೋಗಿಬರಲು ಬಸ್ಸಿನ ಹೊತ್ತು ಹೊಂದುವುದಿಲ್ಲ, ಅಲ್ಲೇ ಕೋಣೆ ಹಿಡಿದು ಇರಬೇಕು.

‘ನೀವು ಬ್ಯಾಡಂದ್ರ ಬಿಡ್ತೀನ್ರಿ. ಖರೇ ಹೇಳ್ರಿ’ ಎಂದಳು. ‘ಬ್ಯಾಡ’ ಎನ್ನುವುದು ನನ್ನ ತುಟಿಯ ಮೇಲೇ ಇತ್ತು. ಈಗ ತಾನೇ ಮನೆ ಸೇರಿದ್ದೇನೆ, ಇವಳು ಹೊರಟರೆ ನಾನು ಬಂದದ್ದಾದರೂ ಯಾರ ಹತ್ತಿರ? ಅಷ್ಟರಲ್ಲಿ ಅಂಗಳದ ಹಗ್ಗದ ಮೇಲೆ ಒಣಗುತ್ತಿದ್ದ ಅವಳ ಸೀರೆಗಳು ಕಣ್ಣಿಗೆ ಬಿದ್ದವು. ಎಲ್ಲಕ್ಕೂ ಗಂಜಿ ಹಾಕಿದ್ದಳು. ಹೋಗಲು ಮನಸ್ಸಿಲ್ಲದವಳು ಅಷ್ಟು ಗಂಜಿ ಹಾಕುತ್ತಾಳೆಯೇ? ‘ಹೋಗು. ಪಲ್ಟನ್ ಸಂಭಾಳಿಸಿದವಗ ಒಂದು ಮನಿ ದೊಡ್ಡದೇನು?’ ಎಂದುಬಿಟ್ಟೆ. ನನ್ನ ಬಾಯಿಯೇ ಹಾಗೆ, ನನ್ನನ್ನು ಕೇಳದೆ ಶೌರ್ಯ ತೋರಿಸುತ್ತದೆ. ಮರುದಿನವೇ ಅವಳು ಅಟ್ಟದಿಂದ ನನ್ನ ಟ್ರಂಕನ್ನು ಇಳಿಸಿದಳು. ಅದರ ಮೇಲೆ ಬಿಳಿ ಬಣ್ಣದಲ್ಲಿ ನನ್ನ ಹೆಸರು, ದರ್ಜೆ ಬರೆದಿದೆ. ಚಿಂಚೋಳಿಯ ಮನೆ ಮಾಲೀಕರು ಅದನ್ನು ನೋಡಿ ಅವಳೇ ಮಿಲಿಟರಿಯಿಂದ ಬಂದವಳೆಂದು ತಿಳಿದು ಇವತ್ತಿಗೂ ಎದ್ದು ನಿಲ್ಲುತ್ತಾರಂತೆ. ವಿಚಾರ ಮಾಡಿದರೆ ಆ ಮರ್ಯಾದೆ ನನಗಿಂತ ಅವಳಿಗೇ ಹೆಚ್ಚು ಒಪ್ಪುತ್ತದೆ.

ಉಳಿದವರು ನಾನು ಮತ್ತು ಒಂಬತ್ತನೆಯ ತರಗತಿಯ ಮಗಳು ಸುಮಿತ್ರಾ. ರೊಟ್ಟಿ ಅವಳ ಪಾಲು, ಬೇಳೆ ನನ್ನ ಪಾಲು ಎಂದು ಒಪ್ಪಂದವಾಯಿತು. ತೊಂದರೆ ಏನೆಂದರೆ, ನೂರು ಜನಕ್ಕೆ ಬೇಳೆ ಬೇಯಿಸೆಂದರೆ ನಾನು ಕಣ್ಣು ಮುಚ್ಚಿ ಬೇಯಿಸಬಲ್ಲೆ, ಇಬ್ಬರಿಗೆಂದರೆ ಲೆಕ್ಕ ತಪ್ಪುತ್ತದೆ. ಚಿಟಿಕೆ ಉಪ್ಪು ಎಂಬುದು ನನ್ನ ಬೆರಳಿಗೆ ಗೊತ್ತೇ ಇಲ್ಲ, ಹಿಡಿ ಗೊತ್ತು. ಉಪ್ಪು ಹೆಚ್ಚಾಯಿತೆಂದು ನೀರು, ನೀರು ಹೆಚ್ಚಾಯಿತೆಂದು ಬೇಳೆ, ಬೇಳೆ ಬಂತೆಂದು ಮತ್ತೆ ಉಪ್ಪು. ಕೊನೆಗೆ ಸುಮಿತ್ರಾ ಓಣಿಯ ಮನೆಮನೆಗೂ ಬಟ್ಟಲು ಹಂಚಿ ಬರಬೇಕಾಯಿತು. ಪಕ್ಕದ ಮನೆಯ ದರ್ಜಿ ಮೆಹಬೂಬ್ ಚಾಚಾ ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದರು: ‘ಏನ್ ಹವಾಲ್ದಾರ್ ಸಾಬ್, ಲಡಾಯಿ ಗಿಡಾಯಿ ಶುರು ಆಯ್ತೇನ್ರಿ? ಇಷ್ಟ ಬ್ಯಾಳಿ ಯಾರಿಗಿ ಕುದಸ್ಲಕತ್ತೀರಿ?’

ಶನಿವಾರ ಸಂಜೆ ಮಹಾದೇವಿ ಬರುತ್ತಾಳೆ. ಮಧ್ಯಾಹ್ನದಿಂದಲೇ ನಾನು ನೆಲದ ಫರಸಿಗೆ ನೀರು ಚೆಲ್ಲಿ ತಂಪು ಮಾಡುತ್ತೇನೆ, ತಲೆಗೆ ಎಣ್ಣೆ ಹಚ್ಚಿ ಬಾಚುತ್ತೇನೆ, ಬಾಗಿಲಿಗೂ ಬೀದಿಗೂ ತಿರುಗುತ್ತೇನೆ. ಅವಳು ಬಂದವಳೇ ಅಡುಗೆಮನೆ ಹೊಕ್ಕು, ‘ಈ ಡಬ್ಬಿ ಇಲ್ಲಿ ಯಾಕ ಇಟ್ಟೀರಿ?’ ಎಂದು ತಪಾಸಣೆ ಶುರು ಮಾಡುತ್ತಾಳೆ. ರಜೆಯ ಮೇಲೆ ಬಂದಾಗ ನಾನೂ ಇದನ್ನೇ ಮಾಡುತ್ತಿದ್ದೆ. ಆಗ ಅವಳಿಗೆ ಹೇಗಾಗುತ್ತಿತ್ತೆಂಬುದು ಈಗ ಗೊತ್ತಾಗುತ್ತಿದೆ.

ಆದರೆ ಒಂದು ಮಾತ್ರ ಬಹಳ ದಿನ ಗೊತ್ತಾಗಿರಲಿಲ್ಲ. ರಜೆ ಮುಗಿಸಿ ನಾನು ಹೊರಡುವ ಹೊತ್ತಿಗೆ ಸರಿಯಾಗಿ ಅವಳು ಮೊರ ಹಿಡಿದು ಜೋಳ ಹಸನು ಮಾಡಲು ಕೂರುತ್ತಿದ್ದಳು. ತಲೆ ಎತ್ತುತ್ತಿರಲಿಲ್ಲ. ‘ಗಂಡ ಹೊಂಟಾನ, ನಿನಗ ಜೋಳದ ಚಿಂತಿ?’ ಎಂದರೆ ‘ಕಲ್ಲ ಭಾಳ ಅವರಿ’ ಎನ್ನುತ್ತಿದ್ದಳು. ಎಂಥ ಗಟ್ಟಿ ಮನಸ್ಸಿನ ಹೆಂಗಸಪ್ಪ ಎಂದು ಸಿಟ್ಟಾಗಿ ರೈಲು ಹತ್ತುತ್ತಿದ್ದೆ. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವಾಗ ಅವಳು ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಬಿಚ್ಚುತ್ತಿದ್ದೆ. ಸಿಟ್ಟು ಅಲ್ಲಿಯತನಕ ಮಾತ್ರ.

ಕಳೆದ ಸೋಮವಾರ ಅವಳು ಗಂಜಿ ಹಾಕಿದ ಸೀರೆ ಉಟ್ಟು ಚೀಲ ಹಿಡಿದು ಹೊಸ್ತಿಲಿಗೆ ಬಂದಳು. ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಮೂಲೆಯಲ್ಲಿದ್ದ ಮೊರ ಕೈಗೆ ಬಂತು. ಅಲ್ಲೇ ಇದ್ದ ಜೋಳದ ಚೀಲದಿಂದ ಒಂದಿಷ್ಟು ಸುರಿದುಕೊಂಡು ಬಾಗಿಲಲ್ಲೇ ಕುಳಿತು ಆರಿಸತೊಡಗಿದೆ.

‘ಹೆಂಡ್ತಿ ಹೊಂಟಾಳ, ನಿಮಗ ಜೋಳದ ಚಿಂತಿ?’ ಎಂದಳು.

‘ಕಲ್ಲ ಭಾಳ ಅವ’ ಎಂದೆ, ತಲೆ ಎತ್ತದೆ. ಎತ್ತಿದ್ದರೆ ಹವಾಲ್ದಾರನ ಮರ್ಯಾದೆ ಅಲ್ಲೇ ಹೋಗುತ್ತಿತ್ತು.

ಅವಳು ಚೀಲ ಕೆಳಗಿಟ್ಟು, ಸೀರೆ ಮುದುಡುವುದನ್ನೂ ಲೆಕ್ಕಿಸದೆ ನನ್ನ ಪಕ್ಕದಲ್ಲಿ ಕುಳಿತಳು. ಮೊರದೊಳಗೆ ಕೈಯಾಡಿಸಿದಳು. ಅವಳ ಬೆರಳು ನನ್ನ ಬೆರಳಿಗೆ ತಾಗಿತು. ‘ಹೌದ್ರಿ, ಭಾಳ ಅವ’ ಎಂದಳು. ಹಾರ್ನು ಕೇಳಿತು, ಎದ್ದು ಹೋದಳು.

ನಾನು ಆರಿಸುತ್ತಲೇ ಇದ್ದೆ. ಸುಮಿತ್ರಾ ಬಂದು ಬಗ್ಗಿ ನೋಡಿ, ‘ಅಪ್ಪಾ, ಇದು ಅವ್ವ ನಿನ್ನೆ ಹಸನ ಮಾಡಿಟ್ಟ ಜೋಳ. ಇದ್ರಾಗ ಕಲ್ಲ ಎಲ್ಲಿ ಅವ?’ ಎಂದಳು. ಕಣ್ಣೊರೆಸಿಕೊಂಡು ಅಂಗಳದತ್ತ ನೋಡಿದೆ. ಕಲ್ಲೆಂದು ನಾನು ಎಸೆದದ್ದೆಲ್ಲ ಒಳ್ಳೆಯ ಬಿಳಿಜೋಳ, ಅದನ್ನು ಗುಬ್ಬಿಗಳು ಕುಕ್ಕಿ ತಿನ್ನುತ್ತಿದ್ದವು. ಸೋಮವಾರ ಬಂತೆಂದರೆ ನಮ್ಮ ಮನೆಯಲ್ಲಿ ಇನ್ನು ಮುಂದೆ ಸಂತೋಷಪಡುವವರು ಅವು ಮಾತ್ರ.