ಬಿಬವೇವಾಡಿಯ ಏಕೈಕ ಹಿಟ್ ಹಾಡು

ಒಂದೇ ವಯಸ್ಸಿನ ನಾಲ್ಕು ಜನ ಒಂದು ಕಡೆ ಸೇರಿದರೆ, ಮಕ್ಕಳ ಶಾಲೆ, ನೀರಿನ ಟ್ಯಾಂಕರು, ಸಿಗದೆ ಹೋದ ಬಸ್ಸು ಇವೆಲ್ಲ ಮುಗಿದ ಮೇಲೆ ಮಾತು ಬಂದು ನಿಲ್ಲುವುದು ಚಿಕ್ಕಂದಿನ ಹಾಡುಗಳ ಹತ್ತಿರವೇ. ಒಬ್ಬರು ಒಂದು ಸಾಲು ಎತ್ತುತ್ತಾರೆ, ಇನ್ನೊಬ್ಬರು ಕಣ್ಣು ಮುಚ್ಚಿ ಮುಂದಿನ ಸಾಲು ಹಿಡಿಯುತ್ತಾರೆ, ಮೂರನೆಯವರು ನಡುವೆ ಬರುವ ಕೊಳಲಿನ ತುಣುಕನ್ನು ಬಾಯಲ್ಲೇ ಊದಿ ತೋರಿಸುತ್ತಾರೆ. ನಾನು ಆ ಹೊತ್ತಿಗೆ ಚಹಾ ಕುದಿಯಿತೋ ಇಲ್ಲವೋ ನೋಡಲು ಅಡುಗೆಮನೆಗೆ ಹೋಗುತ್ತೇನೆ. ಬೇರೆಯವರ ಮನೆಯಾಗಿದ್ದರೂ ಹೋಗುತ್ತೇನೆ. ‘ಎಷ್ಟು ಕೆಲಸದ ಹೆಣ್ಣುಮಗಳು’ ಎಂಬ ಹೆಸರು ನನಗೆ ಬಂದಿರುವುದು ಹೀಗೆ. ನಿಜ ಹೇಳಬೇಕೆಂದರೆ, ನನ್ನ ವಯಸ್ಸಿನ ಕನ್ನಡಿಗರೆಲ್ಲ ಕೇಳಿ ಬೆಳೆದ ಯಾವ ಹಿಟ್ ಹಾಡನ್ನೂ ನಾನು ಚಿಕ್ಕವಳಿದ್ದಾಗ ಕೇಳಿಲ್ಲ. ನಾನು ಕೇಳಿದ ಹಿಟ್ ಹಾಡನ್ನು ಅವರು ಯಾರೂ ಕೇಳಿಲ್ಲ.

ಇದಕ್ಕೆ ಕಾರಣ ನಮ್ಮಪ್ಪ. ಅಪ್ಪ ಶಹಾಪುರದ ಕಡೆಯಿಂದ ಗೌಂಡಿ ಕೆಲಸಕ್ಕೆಂದು ಎಂಬತ್ತರ ದಶಕದಲ್ಲೇ ಪುಣೆಗೆ ಬಂದವನು. ತೊಂಬತ್ತರ ದಶಕದಲ್ಲಿ ಕೊಂಢವಾದ ಕಡೆ ಒಂದರ ಹಿಂದೊಂದು ಕಟ್ಟಡಗಳು ಏಳುತ್ತಿದ್ದವು, ಅವುಗಳಲ್ಲಿ ಹಲವಕ್ಕೆ ಇಟ್ಟಿಗೆ ಇಟ್ಟವನು ಅವನೇ. ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಬೆರಳು ತೋರಿಸಿ, “ಆ ಮೂರನೇ ಮಾಳಿಗಿ ಗ್ವಾಡಿ ನಂದು” ಎನ್ನುತ್ತಿದ್ದ. ಪಕ್ಕದಲ್ಲಿ ಕೂತ ಯಾರಾದರೂ ಕನ್ನಡದವರು ಇವನು ಅಲ್ಲಿ ಫ್ಲ್ಯಾಟ್ ಮಾಡಿದ್ದಾನೆಂದು ತಿಳಿದು ಸರಿದು ಕೂರುತ್ತಿದ್ದರು. ನಾವು ಇದ್ದದ್ದು ಬಿಬವೇವಾಡಿಯ ಒಂದೇ ಕೋಣೆಯ ಮನೆಯಲ್ಲಿ. ಆ ಮನೆಗೆ ಅಪ್ಪ ಒಂದು ಕಾನೂನು ಮಾಡಿದ್ದ. ಹೊಸ್ತಿಲ ಹೊರಗೆ ಮರಾಠಿ ಆಡಿರಿ, ಹಿಂದಿ ಆಡಿರಿ, ಹೊಸ್ತಿಲ ಒಳಗೆ ಕನ್ನಡ ಮಾತ್ರ. ಪಕ್ಕದ ಮನೆಯ ಕಾಕೂ ಸಕ್ಕರೆ ಕೇಳಲು ಬಂದರೆ ಅವ್ವ ಒಂದು ಕಾಲು ಹೊಸ್ತಿಲಾಚೆ ಇಟ್ಟು ಮರಾಠಿಯಲ್ಲಿ ಮಾತಾಡಿ, ಕಾಲು ಒಳಗೆ ಎಳೆದುಕೊಂಡು ನಮಗೆ ಕನ್ನಡದಲ್ಲಿ ಬೈಯುತ್ತಿದ್ದಳು.

ಈ ಕಾನೂನು ಹಾಡುಗಳಿಗೂ ಅನ್ವಯಿಸುತ್ತಿತ್ತು. ಗಣಪತಿ ಹಬ್ಬದ ಹತ್ತು ದಿನ ಮಂಡಳದವರ ಧ್ವನಿವರ್ಧಕ ನೇರ ನಮ್ಮ ಕಿಟಕಿಗೇ ಮುಖ ಮಾಡಿರುತ್ತಿತ್ತು. ಒಳಗೆ ಬಂದ ಹಿಂದಿ ಹಾಡುಗಳನ್ನು ಅಪ್ಪ ಹೊರಗೆ ಹಾಕಲಾರದೆ, ಕೇಳಿಸಲೇ ಇಲ್ಲವೆಂಬಂತೆ ಕೂತಿರುತ್ತಿದ್ದ. ಕಾಲ್ಬೆರಳು ಮಾತ್ರ ತಾಳ ಹಾಕುತ್ತಿತ್ತು, ಅದನ್ನು ನಾವು ನೋಡಿಯೂ ನೋಡದಂತಿರುತ್ತಿದ್ದೆವು. ಕನ್ನಡ ಸ್ಟೇಷನ್ ಹಿಡಿಯಲು ಅವನು ರೇಡಿಯೋ ಎತ್ತಿಕೊಂಡು ಮನೆಯ ಮೂಲೆಮೂಲೆಗೂ ತಿರುಗುತ್ತಿದ್ದ. ಒಂದೇ ಕೋಣೆಯಾದ್ದರಿಂದ ತಿರುಗಾಟ ಬೇಗ ಮುಗಿಯುತ್ತಿತ್ತು. ಕೊನೆಗೆ ನಮ್ಮ ಕನ್ನಡ ಹಾಡಿನ ಭಾರವೆಲ್ಲ ಬಿದ್ದದ್ದು ಅವ್ವನ ತಮ್ಮನ ಮೇಲೆ. ಈ ಮಾಮಾ ವರ್ಷಕ್ಕೆ ಎರಡು ಸಲ ಊರಿನಿಂದ ಕಟಕ ರೊಟ್ಟಿ, ಅದರ ಜೊತೆ ತಿನ್ನುವ ಶೇಂಗಾ ಹಿಂಡಿ ಮತ್ತು ಕ್ಯಾಸೆಟ್ಟುಗಳನ್ನು ಒಂದೇ ಚೀಲದಲ್ಲಿ ತುಂಬಿಕೊಂಡು ಬಸ್ಸಿಳಿಯುತ್ತಿದ್ದ. ಹೀಗಾಗಿ ನಮ್ಮ ಕ್ಯಾಸೆಟ್ಟುಗಳಿಗೆಲ್ಲ ಒಂದು ಬಗೆಯ ಹಿಂಡಿಯ ವಾಸನೆ ಇತ್ತು. ಹೆಚ್ಚಿನವು ಭಜನೆಗಳು. ಒಂದು ಸಲ ಮಾತ್ರ ಮಾಮಾ ಹೆಸರಿನ ಚೀಟಿಯೂ ಇಲ್ಲದ ಒಂದು ಬಿಳಿ ಕ್ಯಾಸೆಟ್ಟು ತಂದ.

“ಯಾವುದೋ ಇದು?” ಎಂದಳು ಅವ್ವ.

“ಯಾವುದಂತ ಕೇಳತಿಯಲ್ಲಕ್ಕಾ, ಊರಾಗ ಎಲ್ಲಿ ಹೋದ್ರೂ ಇದೇ ಹಾಡು ಬಡೀತದ. ಬಸ್ ಸ್ಟ್ಯಾಂಡಿನಾಗ ಇದೇ, ಸಂತ್ಯಾಗ ಇದೇ. ಸಣ್ಣ ಹುಡುಗರ ಬಾಯಾಗ ಸುದ್ದಾ ಇದೇ.”

ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕೆ. ನಾನು ಬಾಲ್ ಪೆನ್ನಿನಿಂದ ಅದರ ಮೇಲೆ ‘ಕನ್ನಡ ಸೂಪರ್ ಹಿಟ್’ ಎಂದು ಬರೆದೆ. ಕ್ಯಾಸೆಟ್ಟಿನ ಒಂದು ಮಗ್ಗುಲು ಖಾಲಿ, ಇನ್ನೊಂದರಲ್ಲಿ ಒಂದೇ ಹಾಡು ಮತ್ತೆ ಮತ್ತೆ ಬರುತ್ತದೆಂದು ಮಾಮಾ ಹೇಳಿದ. ಅಷ್ಟು ಜನಪ್ರಿಯ ಹಾಡಾದ್ದರಿಂದ ಹಾಗೆ ತುಂಬಿದ್ದಾರೆಂದು ನಾವು ತಿಳಿದೆವು. ‘ಬೆಳ್ಳನ್ನ ಚೆಲುವಿ ಬಾ ನಮ್ಮ ಮನಿಗಿ, ನಿನ್ನ ನಂಬಿ ಕುಂತೀನಿ ಮುಂಗಾರು ಮಳಿಗಿ’ ಎಂದು ಗಂಡಸೊಬ್ಬ ಕರುಳು ಹಿಂಡುವ ದನಿಯಲ್ಲಿ ಕರೆಯುತ್ತಿದ್ದ. ಎರಡನೆಯ ನುಡಿಯಲ್ಲಿ ಆ ಚೆಲುವೆ ಬಂದರೆ ಹೊಲ ನಗುತ್ತದೆ, ಎತ್ತು ಕುಣಿಯುತ್ತದೆ ಎಂದೆಲ್ಲ ಇತ್ತು. ಮೂರನೆಯ ನುಡಿ ಏನೆಂದು ನಮಗೆ ತಿಳಿಯಲೇ ಇಲ್ಲ. ಮೊದಲ ದಿನವೇ ಟೇಪ್ ರೆಕಾರ್ಡರು ಆ ಜಾಗದ ರೀಲನ್ನು ನುಂಗಿ ಕೂತಿತು. ಅವ್ವ ಕತ್ತರಿಯಿಂದ ಹಾಳಾದ ಭಾಗವನ್ನು ಕತ್ತರಿಸಿ, ನನ್ನ ಕೆಂಪು ನೇಲ್ ಪಾಲಿಶ್ ಹಚ್ಚಿ ತುದಿಗಳನ್ನು ಅಂಟಿಸಿ, ಪೆನ್ಸಿಲ್ ತೂರಿಸಿ ಸುತ್ತಿ ಕೊಟ್ಟಳು. ರೀಲಿನ ಉಳಿದ ಭಾಗದಲ್ಲಾದರೂ ಆ ನುಡಿ ಸಿಗಬೇಕಿತ್ತು. ಆದರೆ ಆ ರಿಪೇರಿಯ ನಂತರ ರೀಲು ಅಂಟಿಸಿದ ಜಾಗಕ್ಕೆ ಬಂದು ಟಕ್ಕೆಂದು ನಿಲ್ಲುತ್ತಿತ್ತು, ನಾವು ಹಿಂದಕ್ಕೆ ತಿರುಗಿಸಿ ಮೊದಲಿನಿಂದ ಹಚ್ಚುತ್ತಿದ್ದೆವು. ಹೀಗೆ ಹತ್ತು ಹನ್ನೆರಡು ವರ್ಷ ಎರಡೇ ನುಡಿ ಹಾಡಿದೆವು. ಅವ್ವ ರೊಟ್ಟಿ ಬಡಿಯುತ್ತ ಹಾಡಿದಳು, ಅಪ್ಪ ಸ್ನಾನ ಮಾಡುತ್ತ ಹಾಡಿದ. ಶಾಲೆಯ ಗ್ಯಾದರಿಂಗಿನಲ್ಲಿ ನಾನು ಅದನ್ನು ‘ಕರ್ನಾಟಕದ ಪ್ರಸಿದ್ಧ ಪ್ರೇಮಗೀತೆ’ ಎಂದು ಮರಾಠಿಯಲ್ಲಿ ಪರಿಚಯಿಸಿ ಹಾಡಿ, ಒಂದು ಕಂಪಾಸ್ ಪೆಟ್ಟಿಗೆಯನ್ನು ಬಹುಮಾನವಾಗಿ ಪಡೆದೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಕ್ಕೆ ನನಗೆ ಗಂಡು ನೋಡಲು ಶುರುಮಾಡಿದರು. ಅಪ್ಪನಿಗೆ ಅಳಿಯ ನಮ್ಮ ಕಡೆಯವನೇ ಆಗಬೇಕು. ಆದರೆ ನಮ್ಮ ಕಡೆಯವರಿಗೆ ಪುಣೆಯ ಹುಡುಗಿ ಎಂದರೆ ಅನುಮಾನ. ಮೊದಲು ಬಂದವರು ನನಗೆ ಅಡುಗೆ ಬರುತ್ತದೆಯೇ ಎಂದು ಕೇಳಿದಾಗ ಗಾಬರಿಯಲ್ಲಿ ಬಾಯಿಂದ ‘ಹೌದು’ ಬದಲು ಮರಾಠಿಯ ‘ಹೋ’ ಹೊರಬಿತ್ತು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಉಪ್ಪಿಟ್ಟು ಮಾತ್ರ ಪೂರ್ತಿ ತಿಂದು ಎದ್ದುಹೋದರು. ಎರಡನೆಯವರು ಬರಲೇ ಇಲ್ಲ, “ಹುಡುಗಿ ಮರಾಠಿ ಆಗ್ಯಾಳಂತಲ್ರಿ” ಎಂದು ಫೋನಿನಲ್ಲೇ ಮುಗಿಸಿದರು. ಆ ದಿನ ಅಪ್ಪ ಊಟ ಮಾಡಲಿಲ್ಲ. ಇಪ್ಪತ್ತು ವರ್ಷ ಒಂದೇ ಕೋಣೆಯಲ್ಲಿ ಕನ್ನಡವನ್ನು ಕಾವಲು ಕಾದವನಿಗೆ ಆ ಒಂದು ಮಾತು ತಡೆಯಲಾರದಷ್ಟು ನೋವು ಕೊಟ್ಟಿತ್ತು. ನನ್ನ ಮದುವೆಗಿಂತ ಅಪ್ಪನ ಆ ಕಾವಲು ಸುಳ್ಳಾಗಬಾರದೆಂಬುದೇ ನನಗೆ ಆಗ ದೊಡ್ಡದಾಗಿ ಕಂಡಿತು.

ಮೂರನೆಯವರು ಕಲಬುರಗಿಯವರು. ಹುಡುಗ ಪುಣೆಯಲ್ಲೇ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಅವನ ಜೊತೆ ತಾಯಿ ಮತ್ತು ದೊಡ್ಡಪ್ಪ ಬಂದಿದ್ದರು. ಪರಿಚಯದ ಮಾತಿನಲ್ಲಿ ದೊಡ್ಡಪ್ಪನವರು ಊರಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾರೆಂದು ತಿಳಿಯಿತು. ಚಹಾ ಮುಗಿದ ಮೇಲೆ ಹುಡುಗನ ತಾಯಿ ನನ್ನ ಕಡೆ ತಿರುಗಿ, “ಒಂದು ಕನ್ನಡ ಹಾಡು ಹೇಳವಾ ತಂಗಿ. ದೇವರದ್ದೇ ಆಗಬೇಕಂತಿಲ್ಲ, ಸಣ್ಣಾಕಿದ್ದಾಗ ನೀ ಹಾಡತಿದ್ದಿಯಲ್ಲ, ಅಂಥಾದ್ದು” ಎಂದರು. ಇದು ಹಾಡಿನ ಪರೀಕ್ಷೆಯಲ್ಲ, ಕನ್ನಡದ ಪರೀಕ್ಷೆ ಎಂದು ಎಲ್ಲರಿಗೂ ಗೊತ್ತಿತ್ತು. ಅಪ್ಪ ಬೆನ್ನು ನೆಟ್ಟಗೆ ಮಾಡಿ ಕೂತ. ಇಂಥ ದಿನಕ್ಕಾಗಿಯೇ ಅವನು ಕಾದಿದ್ದ.

ನಾನು ಬೆಳ್ಳನ್ನ ಚೆಲುವಿಯನ್ನು ಕರೆಯತೊಡಗಿದೆ. ಮೊದಲ ನುಡಿ ಮುಗಿಯುವಾಗ ಹುಡುಗನ ಹುಬ್ಬು ಮೇಲೇರಿತ್ತು. ಮೆಚ್ಚಿದ್ದಾನೆಂದುಕೊಂಡು ಎರಡನೆಯ ನುಡಿಗೆ ದನಿ ಇನ್ನಷ್ಟು ಏರಿಸಿದೆ. ದೊಡ್ಡಪ್ಪನವರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ನಾನು ಮುಗಿಸಿ ಸೆರಗು ಸರಿಮಾಡಿಕೊಂಡರೆ ಅವರು ಕಣ್ಣು ತೆರೆಯದೆ ಮುಂದುವರಿಸಿದರು:

“ಎಕರೆಗೊಂದು ಪಾಕೀಟ ಸಾಕು, ಹುಳದ ಅಂಜಿಕಿ ಬ್ಯಾಡ, ಹತ್ತಿಬೀಜ ಇದನ್ನ ಬಿಟ್ಟು ಬ್ಯಾರೆ ಒಯ್ಯಬ್ಯಾಡ.”

ಮೂರನೆಯ ನುಡಿ ಹನ್ನೆರಡು ವರ್ಷದ ಮೇಲೆ ನಮ್ಮ ಮನೆಗೆ ಬಂದದ್ದು ಹೀಗೆ. ದೊಡ್ಡಪ್ಪನವರು ಕಣ್ಣು ತೆರೆದು, “ಬೀಜದ ಕಂಪನಿ ಜೀಪಿನ ಹಾಡಲ್ಲೇನವಾ ಇದು? ನಮ್ಮ ಅಂಗಡಿ ಮುಂದ ಮೂರು ವರ್ಷ ಬಡದಾರ. ಬಂದವರಿಗೆಲ್ಲ ಕ್ಯಾಸೆಟ್ ಪುಕ್ಕಟ ಹಂಚತಿದ್ರು” ಎಂದರು. ಮಾಮಾ ಸುಳ್ಳು ಹೇಳಿರಲಿಲ್ಲ. ಬಿತ್ತನೆಯ ಕಾಲದಲ್ಲಿ ಬಸ್ ಸ್ಟ್ಯಾಂಡು, ಸಂತೆ ಎಲ್ಲ ಕಡೆ ಅದೇ ಹಾಡು ಬಡಿಯುತ್ತಿದ್ದದ್ದು ನಿಜವೇ ಇತ್ತು. ಅವ್ವ ಗೋಡೆಯ ಕ್ಯಾಲೆಂಡರು ನೋಡತೊಡಗಿದಳು. ಅಪ್ಪ ನನ್ನನ್ನೇ ನೋಡುತ್ತಿದ್ದ, ಬೆನ್ನು ಇನ್ನೂ ನೆಟ್ಟಗೇ ಇತ್ತು, ಮುಖ ಮಾತ್ರ ಇಳಿದುಹೋಗಿತ್ತು. ಆ ಮುಖ ನೋಡಿ ನನ್ನ ಬಾಯಿಂದ, ನಾನು ಯೋಚಿಸುವ ಮೊದಲೇ, ಒಂದು ಮಾತು ಬಂತು.

“ಗೊತ್ತದ್ರಿ. ನಿಮ್ಮದು ಬೀಜದ ಅಂಗಡಿ ಅಂತ ಈಗರೆ ಹೇಳಿದ್ರಲ್ರಿ, ಅದಕ್ಕ ಬೇಕಂತನೇ ಇದನ್ನ ಹಾಡಿದೆ.”

ದೊಡ್ಡಪ್ಪನವರು ನಗತೊಡಗಿದರು. ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. “ಭಾಳ ಶಾಣ್ಯಾಕಿ ಅದಾಳ್ರಿ ನಿಮ್ಮ ಮಗಳು. ನಗಿಸೋದು ಎಲ್ಲಾರಿಗೂ ಬರಂಗಿಲ್ಲ” ಎಂದು ಅಪ್ಪನಿಗೆ ಹೇಳಿದರು. ಮದುವೆ ಗೊತ್ತಾಗಿ ಸಕ್ಕರೆ ಹಂಚಿದ್ದು ಅಂದೇ. ಅವರು ಹೋದ ಮೇಲೆ ಅಪ್ಪ ಮೆಲ್ಲಗೆ, “ಖರೇನ ಗೊತ್ತಿತ್ತೇನು ನಿನಗ?” ಎಂದು ಕೇಳಿದ. “ಹೂಂ ಅಪ್ಪಾ, ನನಗೆಂದೋ ಗೊತ್ತಿತ್ತು” ಎಂದೆ. ಅವನು ತಲೆಯಾಡಿಸಿ ಎದ್ದು ಬಚ್ಚಲಿಗೆ ಹೋದ. ಹಾಡದೆ ಸ್ನಾನ ಮಾಡಿದ. ಅವನಿಗಾಗಿ ನನಗೆ ಕೆಟ್ಟೆನಿಸಿತು, ಆದರೆ ಎರಡನೆಯ ಸಲ ನಿಜ ಹೇಳುವ ಧೈರ್ಯ ಬರಲಿಲ್ಲ. ಮೊದಲ ಸಲವೂ ಹೇಳಿರಲಿಲ್ಲವೆಂಬುದು ಬೇರೆ ಮಾತು.

ಆವತ್ತು ಆಡಿದ ಒಂದು ಸುಳ್ಳಿನ ದುಡಿಮೆ ಇನ್ನೂ ಮುಗಿದಿಲ್ಲ. ಅತ್ತೆಯ ಮನೆಯಲ್ಲಿ ನನ್ನನ್ನು ತಮಾಷೆಯ ಸೊಸೆ ಎಂದೇ ಬರಮಾಡಿಕೊಂಡರು. ಸೀಮಂತವಿರಲಿ, ಗೃಹಪ್ರವೇಶವಿರಲಿ, ಊಟವಾಗಿ ಎಲೆಯಡಿಕೆ ಬರುತ್ತಲೇ ಅತ್ತೆ, “ಏನರೆ ನಗೂ ಮಾತು ಹೇಳವಾ” ಎನ್ನುತ್ತಾರೆ, ನೆಂಟರೆಲ್ಲ ಚಾಪೆಯ ಮೇಲೆ ನನ್ನ ಕಡೆ ತಿರುಗಿ ಕೂರುತ್ತಾರೆ. ಹುಟ್ಟಾ ನಾನು ಗಂಭೀರ ಸ್ವಭಾವದವಳು. ಆದರೂ ಮಾಸಪತ್ರಿಕೆಯ ಚುಟುಕುಗಳನ್ನು ಬಾಯಿಪಾಠ ಮಾಡಿದೆ, ಬಸ್ಸಿನಲ್ಲಿ ಜನ ಯಾವುದಕ್ಕೆ ನಗುತ್ತಾರೆಂದು ಕಿವಿಗೊಟ್ಟು ಕೇಳಿದೆ, ಬರಬರುತ್ತ ಇಂಥ ಪ್ರಬಂಧಗಳನ್ನು ಬರೆಯುವ ಮಟ್ಟಕ್ಕೂ ಇಳಿದೆ. ಈ ನಡುವೆ ನನ್ನ ವಯಸ್ಸಿನವರ ನಿಜವಾದ ಹಿಟ್ ಹಾಡುಗಳನ್ನೂ ಗಂಡನ ಹಳೆಯ ಕ್ಯಾಸೆಟ್ಟುಗಳಿಂದ ಕಲಿಯಲು ಕೂತೆ. ಮೂವತ್ತಕ್ಕೆ ಬಂದ ಮೇಲೆ ಕಲಿತ ಬಾಲ್ಯದ ಹಾಡು ಬಾಯಿಗೆ ಹತ್ತುವುದಿಲ್ಲ. ಸಾಲು ನೆನಪಿರುತ್ತದೆ, ಅದರ ಜೊತೆ ಯಾವ ನೆನಪೂ ಬರುವುದಿಲ್ಲ.

ಇಷ್ಟು ವರ್ಷಗಳ ಮೇಲೆ ನಿಜ ಹೇಳಿಬಿಡೋಣವೆಂದು ಇದನ್ನೆಲ್ಲ ಬರೆದು, ಅಚ್ಚಿಗೆ ಕಳಿಸುವ ಮೊದಲು ನಮ್ಮ ಮನೆಯವರ ಕೈಗೆ ಕೊಟ್ಟೆ. ಮೋಸದಿಂದ ಆದ ಮದುವೆ ಎಂದು ಅನ್ನದಿದ್ದರೂ, ಒಂದೆರಡು ದಿನ ಮಾತು ಬಿಟ್ಟರೆ ಅದು ನ್ಯಾಯವೇ. ಅವರು ಬಾಗಿಲ ಬೆಳಕಿಗೆ ಕೂತು ಓದಿದರು. ಮೊದಲರ್ಧ ಓದುವಾಗ ಮುಖ ಅಲುಗಲಿಲ್ಲ. ಆಮೇಲೆ ಸಣ್ಣಗೆ ಶುರುವಾಗಿ, ಕೊನೆಗೆ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಮೊದಲಿನ ಭಾಗ ಸ್ವಲ್ಪ ಉದ್ದಾತು” ಎಂದು ಕಣ್ಣೊರೆಸಿಕೊಳ್ಳುತ್ತ ಹಾಳೆ ಮರಳಿ ಕೊಟ್ಟರು. “ಆದ್ರ ಅದು ಜಾಹೀರಾತು ಅಂತ ನಿನಗ ಗೊತ್ತೇ ಇರಲಿಲ್ಲ ಅಂತ ಬರದೀಯಲ್ಲ, ಆ ಸುಳ್ಳು ಮಾತ್ರ ಎಂಥಾ ಛಲೋ ಕಟ್ಟೀದಿ.”