ಲೋಕನಾಥರ ಮೆದುಳಿನ ಫೋಟೋ

ಬೆಳಗಿನ ಚಹಾ ಇನ್ನೂ ಗಂಟಲಿಗಿಳಿದಿರಲಿಲ್ಲ, ಕಳವಾ ಊರಿನಿಂದ ಭಾವ ದೇವದಾಸರ ಫೋನು ಬಂತು. ಅವರಿರುವ ಚಾಳು ರಿಪೇರಿಗೆ ಹೋಗುತ್ತದಂತೆ. ಭಾನುವಾರದಿಂದ ಒಂದು ತಿಂಗಳು ತಂಗಿಯ ಮನೆಯಲ್ಲೇ ಇರುತ್ತಾರಂತೆ.

ಒಂದು ತಿಂಗಳು! ಡೊಂಬಿವಲಿಯ ಆ ಪುಟ್ಟ ಫ್ಲ್ಯಾಟಿನಲ್ಲಿ ಲೋಕನಾಥರಿಗೆ ಸ್ವಂತದ್ದು ಅಂತ ಇದ್ದದ್ದು ಕಿಟಕಿ ಪಕ್ಕದ ಕುರ್ಚಿ ಮತ್ತು ಮಧ್ಯಾಹ್ನದ ನಿದ್ದೆ, ಎರಡೇ. ಭಾವ ಬಂದರೆ ಕುರ್ಚಿ ಅವರದ್ದು. ನಿದ್ದೆಯಂತೂ ಯಾರದ್ದೂ ಅಲ್ಲ, ಏಕೆಂದರೆ ಆ ಮನುಷ್ಯ ಬಾಯಿ ಮುಚ್ಚುವುದು ತುತ್ತು ನುಂಗುವಾಗ ಮಾತ್ರ.

"ಈಗ ಬೇಡ ಅನ್ನು ಬಾಗಿ," ಎಂದರು ಹೆಂಡತಿಗೆ.

"ಬೇಡ ಅನ್ನುವುದು ಹೇಗೆ? ನಮ್ಮ ರಮಿತಾಳ ಮದುವೆಯಲ್ಲಿ ಅಷ್ಟು ಜನರ ಎದುರು ನೀವೇ ಅಲ್ವಾ ಮಾತು ಕೊಟ್ಟದ್ದು, ಯಾವಾಗ ಬೇಕಾದ್ರೂ ಬಂದು ಒಂದು ತಿಂಗಳು ನಿಲ್ಲಿ ಭಾವ ಅಂತ?"

"ನಾನಾ? ನನಗೆಂತದೂ ನೆನಪಿಲ್ಲ ಮಾರಾಯ್ತಿ."

ಚೆನ್ನಾಗಿಯೇ ನೆನಪಿತ್ತು. ಆದರೆ ಅರವತ್ತು ದಾಟಿದವನ ಮರೆವಿಗೆ ಸಾಕ್ಷಿ ಕೇಳುವವರು ಯಾರು?

ಕೇಳುವವ ಎದುರು ಮನೆಯಲ್ಲೇ ಇದ್ದ. ವಿಜಯಪುರದ ಗುರುನಾಥ ಸಾನಪಾಡಾದ ಒಂದು ಆಸ್ಪತ್ರೆಯ ಗಾಡಿ ಓಡಿಸುವವ. ಪರರ ಮನೆಯ ಮಾತು ಕಿವಿಗೆ ಬಿದ್ದರೆ ಅವನ ಕಾಲು ತಾನೇ ತಾನಾಗಿ ಅತ್ತ ನಡೆಯುತ್ತದೆ.

"ಮಗಳ ಮದವಿ ಮಾತ ಮರತೀರಿ ಅಂದ್ರ ಇದು ಸಣ್ಣ ಮಾತಲ್ರೀ ಸಾಹೇಬ್ರ! ನಮ್ಮ ದವಾಖಾನ್ಯಾಗ ವಯಸ್ಸಾದವರ ಮೆದುಳಿನ ಫೋಟೋ ತಗ್ಯಾಕತ್ಯಾರ. ಪುಕ್ಕಟ ಐತಿ. ನಡೀರಿ, ಗಾಡಿ ಈಗ ಹೊಂಟೈತಿ."

ನೆನಪಾಯಿತು ಎಂದರೆ ಭಾವ ಬರುತ್ತಾರೆ. ಲೋಕನಾಥರು ಸುಮ್ಮನೆ ಗಾಡಿ ಹತ್ತಿದರು. ಬಾಗಿಯೂ ಹತ್ತಿದಳು.

ಅಲ್ಲಿ ಸಂಶೋಧನೆ ಮಾಡುತ್ತಿದ್ದ ಡಾಕ್ಟರ್ ಕಾಂಚನಾ ಠಾಣೆ ಪಟ್ಟಣದಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವಾಗ ಅರ್ಧ ಹಿಂದಿಯಾಗಿರುತ್ತದೆ. ನೆನಪುಗಳನ್ನು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಭಾಗ ಮೆದುಳಿನೊಳಗೆ ಬಾಗಿಕೊಂಡು ಮಲಗಿರುತ್ತದೆಂದೂ, ವಯಸ್ಸಾದಂತೆ ಅದು ಕುಗ್ಗುತ್ತದೆಂದೂ, ಎಷ್ಟು ಕುಗ್ಗಿತೆಂದು ಫೋಟೋದಲ್ಲಿ ಅಳೆಯುವುದೇ ತನ್ನ ಕೆಲಸವೆಂದೂ ವಿವರಿಸಿದಳು. ಬಾಗಿಗೆ ಅದು ಒಣಗಿದ ಸಿಗಡಿಯ ಹಾಗೆ ಎಂದು ಅರ್ಥವಾಯಿತು.

ಮೊದಲು ಪರೀಕ್ಷೆ. ರೈಲು, ಕೊಡೆ, ಮಾವು, ಚಪ್ಪಲಿ, ಗಂಟೆ ಎಂದು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಡಾಕ್ಟರು ತಿರುಗಿ ಕೇಳಿದಳು. ಬೇಕೆಂದು ಮರೆಯುವುದು ಎಷ್ಟು ಕಷ್ಟವೆಂದು ಲೋಕನಾಥರಿಗೆ ಆಗ ಗೊತ್ತಾಯಿತು. ಐದೂ ಶಬ್ದಗಳು ನಾಲಿಗೆಯ ತುದಿಯಲ್ಲಿ ಕುಣಿಯುತ್ತಿದ್ದವು.

"ಗೋಳಿಬಜೆ," ಎಂದರು ಕಷ್ಟಪಟ್ಟು.

"ಇವರು ಯಾರು ಅಂಕಲ್?" ಡಾಕ್ಟರು ಬಾಗಿಯನ್ನು ತೋರಿಸಿದಳು.

"ಎಲ್ಲೋ ನೋಡಿದ ಹಾಗೆ ಉಂಟು."

ಬಾಗಿ ಸೆರಗಿನಿಂದ ಬಾಯಿ ಮುಚ್ಚಿ ಅತ್ತೇಬಿಟ್ಟಳು. ಇಷ್ಟು ದೂರ ಹೋಗಬಾರದಿತ್ತು ಅನ್ನಿಸಿತು ಲೋಕನಾಥರಿಗೆ. ಆದರೆ ಭಾನುವಾರ ದೂರವಿರಲಿಲ್ಲ.

ಯಂತ್ರದ ಕೋಣೆಯ ಬಾಗಿಲಲ್ಲಿ ಇನ್ನೊಂದು ರಗಳೆ. ಮೈಮೇಲೆ ಲೋಹ ಇರಕೂಡದು, ಬೆಳ್ಳಿಯ ಉಡಿದಾರ ಬಿಚ್ಚಬೇಕು. "ಜೀವ ಇರುವ ಗಂಡಸು ಉಡಿದಾರ ಬಿಚ್ಚುವುದುಂಟಾ!" ಎಂದು ಬಾಗಿ ಅಳುವುದನ್ನು ನಿಲ್ಲಿಸಿ ಅಡ್ಡ ನಿಂತಳು. ಗುರುನಾಥ ಹೊರಗೆ ಓಡಿ ಹೂವಿನವಳಿಂದ ದಾರ ತಂದು ಸೊಂಟಕ್ಕೆ ಕಟ್ಟಿದ ಮೇಲಷ್ಟೇ ಬೆಳ್ಳಿ ಕೆಳಗಿಳಿಯಿತು. ಮಲ್ಲಿಗೆಯ ಪರಿಮಳ ಬೀರುತ್ತ ಲೋಕನಾಥರು ಕೊಳವೆಯೊಳಗೆ ಹೋದರು. ಡಬಡಬ ಸದ್ದಿಗೆ ಹೆದರುತ್ತಾರೆಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ಜೀವಮಾನವಿಡೀ ಲೋಕಲ್ ರೈಲಿನಲ್ಲಿ ನಿಂತು ಓಡಾಡಿದವರಿಗೆ ಮಲಗಲು ಇಷ್ಟು ಜಾಗ ಸಿಕ್ಕಿದ್ದೇ ದೊಡ್ಡದು. ಗೊರಕೆ ಹೊಡೆದರು.

ಹೊರಬಂದಾಗ ಡಾಕ್ಟರು ಪರದೆ ನೋಡುತ್ತ ಬೆರಗಾಗಿ ಕೂತಿದ್ದಳು.

"ಆಂಟಿ, ಇವರ ಹಿಪೊಕ್ಯಾಂಪಸ್ ಏಕ್‌ದಮ್ ಜವಾನ್! ಆದ್ರೆ ನೆನಪು ಮಾತ್ರ ಜೀರೋ. ಐಸಾ ಕೇಸ್ ನಾನು ನೋಡೇ ಇಲ್ಲ. ಐದು ವರ್ಷ ಇವರನ್ನ ಸ್ಟಡಿ ಮಾಡ್ಬೇಕು. ಹರ್ ವರ್ಷ ಫೋಟೋ. ಮತ್ತೆ ಮನೇಲಿ ಒಬ್ರು ಯಾವಾಗ್ಲೂ ಇವರ ಜೊತೇಲೇ ಇರ್ಬೇಕು, ಏನೇನು ಮರೀತಾರೆ ಅಂತ ನಮ್ಗೆ ಹೇಳೋಕೆ."

"ನಾನು ಟಿಫಿನ್ ಕೊಡ್ಲಿಕ್ಕೆ ದಿನವಿಡೀ ತಿರುಗುವವಳು ಡಾಕ್ಟರಮ್ಮ," ಎಂದ ಬಾಗಿಯ ಮುಖ ಮರುಕ್ಷಣ ಅರಳಿತು. "ನನ್ನ ಅಣ್ಣ ದೇವದಾಸ ಇದ್ದಾನಲ್ಲ! ಅವನಿಗೆ ಬೇರೆ ಕೆಲಸವೇ ಇಲ್ಲ."

ಐದು ವರ್ಷ! ಲೋಕನಾಥರು ಕುರ್ಚಿಯಿಂದ ಚಂಗನೆ ಎದ್ದರು.

"ನನಗೆಲ್ಲ ನೆನಪುಂಟು! ನೀನು ಬಾಗಿ, ನನ್ನ ಹೆಂಡತಿ! ರಮಿತಾಳ ಮದುವೆಯ ದಿನ ನೀನು ಉಟ್ಟದ್ದು ಗಿಳಿಹಸಿರು ಸೀರೆ. ಭಾವ ಮೂರನೇ ಸಲ ಪಾಯಸ ಹಾಕಿಸಿಕೊಳ್ಳುವಾಗ ಮಾತು ಕೊಟ್ಟದ್ದು ನಾನೇ. ಒಂದು ತಿಂಗಳು! ಒಂದೇ ತಿಂಗಳು! ರೈಲು, ಕೊಡೆ, ಮಾವು, ಚಪ್ಪಲಿ, ಗಂಟೆ!"

ಡಾಕ್ಟರ ಕಣ್ಣು ಮಿನುಗಿತು.

"ದೇಖಾ ಆಂಟಿ? ನಿಮ್ಮ ಅಣ್ಣನ ನಾಮ್ ಕೇಳಿದ ತಕ್ಷಣ ಎಲ್ಲ ನೆನಪು ವಾಪಸ್ ಬಂತು!"

"ಬರೇ ಹೆಸರಿಗೆ ಇಷ್ಟ ಗುಣ ಬಂತಂದ್ರ," ಗುರುನಾಥ ಕೈಮುಗಿದ, "ಮನಶ್ಯಾನ ಎದುರಿಗೆ ಕುಂತ್ರ ಹ್ಯಾಂಗಿರಬೇಕ್ರೀ ಸಾಹೇಬ್ರ!"

"ಅಲ್ಲ ಮಾರಾಯ್ರೇ, ನಾನು ಸುಳ್ಳು ಹೇಳಿದ್ದು..." ಎಂದು ಲೋಕನಾಥರು ಬಾಯಿ ತೆರೆದರು. ಪಾಪ, ಇನ್ನೂ ಪೂರ್ತಿ ಗುಣವಾಗಿಲ್ಲ ಎಂಬಂತೆ ಡಾಕ್ಟರು ಅವರ ಭುಜ ತಟ್ಟಿ ಕೂರಿಸಿದಳು.

ಬಾಗಿ ಆಗಲೇ ಫೋನು ಹಚ್ಚಿ, ಕಣ್ಣೊರಸಿಕೊಳ್ಳುತ್ತ ನಗುತ್ತಿದ್ದಳು.

"ಅಣ್ಣಾ, ಒಂದು ತಿಂಗಳ ಬಟ್ಟೆ ಸಾಲುವುದಿಲ್ಲ. ಚಾಳಿನ ರೂಮನ್ನು ಬಾಡಿಗೆಗೆ ಕೊಟ್ಟೇ ಬಂದುಬಿಡು."