ಹಲಸಿನ ಹಲಗೆಯಲ್ಲೊಂದು ತೂತು

ಪತ್ರಿಕೆಯಲ್ಲಿ ಬೇರೆಯವರ ಬರಹ ತಿದ್ದಿ ನಿವೃತ್ತನಾದವನು ನಾನು. ಆ ಕೆಲಸ ಕಲಿಸಿದ ಮುಖ್ಯ ಪಾಠ ಒಂದೇ: ಒಬ್ಬರು ಎಷ್ಟೇ ಖಚಿತವಾಗಿ ಹೇಳಿದರೂ ಇನ್ನೊಬ್ಬರನ್ನು ಕೇಳದೆ ಅಚ್ಚಿಗೆ ಕಳಿಸಬಾರದು. ಹೊಸ ವರದಿಗಾರರು "ನಾನೇ ಕಣ್ಣಾರೆ ನೋಡಿದೆ ಸಾರ್" ಎಂದರೆ, "ಸಂತೋಷ, ನಿನ್ನ ಜೊತೆ ನೋಡಿದ ಇನ್ನೊಬ್ಬರ ಹೆಸರು ಹೇಳು" ಎನ್ನುತ್ತಿದ್ದೆ. ಈ ಶಿಸ್ತು ಮನೆಗೂ ಬಂದು, ಹಾಲು ಒಡೆದಿದೆ ಎಂದು ಹೆಂಡತಿ ವತ್ಸಲಾ ಹೇಳಿದರೂ ನಾನು ಪಾತ್ರೆಯೊಳಗೆ ಬಗ್ಗಿ ನೋಡಿಯೇ ನಂಬುತ್ತಿದ್ದೆ. ಇಂಥ ನಾನು ಒಂದು ಮರದ ವಿಷಯದಲ್ಲಿ, ಯಾರನ್ನೂ ಕೇಳದೆ, ತುಂಬು ಆತ್ಮವಿಶ್ವಾಸದಿಂದ ತಪ್ಪು ಮಾಹಿತಿ ಕೊಟ್ಟೆ. ಅದರ ವಿವರ ಇಲ್ಲಿದೆ.

ಬಸವನಗುಡಿಯ ನಮ್ಮ ಮನೆಯ ಗೇಟಿನ ಪಕ್ಕದಲ್ಲಿ ಒಂದು ಹಲಸಿನ ಮರವಿತ್ತು. ಮದುವೆಯಾಗಿ ಬಂದ ವರ್ಷ ವತ್ಸಲಾ ತಾನು ತಿಂದ ಹಣ್ಣಿನ ಬೀಜ ಹಾಕಿ ಬೆಳೆಸಿದ್ದು. ಎರಡು ವರ್ಷದ ಹಿಂದಿನ ಮುಂಗಾರಿನ ಮೊದಲ ಗಾಳಿಗೆ ಅದು ಯಾರಿಗೂ ತೊಂದರೆ ಕೊಡದೆ ಅಂಗಳದೊಳಕ್ಕೇ ಮಲಗಿತು. ಪಾಲಿಕೆಯವರು ಬಂದು ಕೊಂಬೆಗಳನ್ನು ಕಡಿದು ಒಯ್ದರು. ಎರಡಡಿ ದಪ್ಪದ ದಿಮ್ಮಿ ಉಳಿಯಿತು. ವತ್ಸಲಾ ಎರಡು ದಿನ ಆ ಕಡೆಯ ಕಿಟಕಿ ತೆಗೆಯಲಿಲ್ಲ. ಮೂರನೆಯ ದಿನ ಕಾಫಿ ಕೊಡುತ್ತಾ, "ರೀ, ಅದನ್ನ ಸೌದೆಗೆ ಮಾತ್ರ ಕೊಡ್ಬೇಡಿ. ಇಬ್ರೂ ಕೂರೋ ಹಾಗೆ ಒಂದು ಉಯ್ಯಾಲೆ ಮಾಡ್ಸಿ. ಒಂದೇ ಹಲಗೆ ಇರ್ಬೇಕು, ಅಂಟು ಹಾಕಿ ಜೋಡಿಸಿದ್ದು ನಂಗೆ ಬೇಡ" ಎಂದಳು. ನಲವತ್ತು ವರ್ಷದಲ್ಲಿ ಅವಳು ಹೀಗೆ ಬಿಡಿಸಿ ಹೇಳಿ ಕೇಳಿದ ವಸ್ತು ಬೇರೊಂದು ನನಗೆ ನೆನಪಿಲ್ಲ.

ದಿಮ್ಮಿಯನ್ನು ಟೆಂಪೋದಲ್ಲಿ ಹೇರಿಕೊಂಡು ಚಾಮರಾಜಪೇಟೆಯ ಗಲ್ಲಿಯೊಂದರ ಸಣ್ಣ ಸಾಮಿಲ್ಲಿಗೆ ಹೋದೆ. ಒಂದು ತಗಡಿನ ಚಪ್ಪರ, ಒಂದು ಯಂತ್ರ, ಸಿದ್ದರಾಜು ಎಂಬ ಒಬ್ಬ ಯಜಮಾನ, ಕಾರ್ಖಾನೆ ಅಷ್ಟೇ. ದೊಡ್ಡ ಸಾಮಿಲ್ಲಿನವರು ಊರೊಳಗಿನ ಮರವನ್ನು ಮುಟ್ಟುವುದಿಲ್ಲವಂತೆ. ಯಾಕೆಂದು ಕೇಳಿದೆ. ಸಿದ್ದರಾಜು ಗೋಡೆಯ ಕಡೆ ಕೈ ತೋರಿಸಿದರು. ಅಲ್ಲೊಂದು ಹಲಗೆಯ ತುಂಬ ಮರಗಳ ಹೊಟ್ಟೆಯಿಂದ ತೆಗೆದ ಕಬ್ಬಿಣ: ಕೊಕ್ಕೆ, ತಂತಿ, ಸೈಕಲ್ಲಿನ ಕಡ್ಡಿ, ಅರ್ಧ ಬೀಗ. "ಕಬ್ಬಿಣ ನೋಡಿದ್ರೆ ಏರಿಯಾ ಹೇಳ್ಬಿಡ್ತೀನಿ ಸಾರ್. ತಕ್ಕಡಿ ಕೊಕ್ಕೆ ಸಿಕ್ತಾ, ಮಾರ್ಕೆಟ್ ಕಡೆ ಮರ. ಪುಟಾಣಿ ಮೊಳೆ ರಾಶಿ ಸಿಕ್ತಾ, ಮಲ್ಲೇಶ್ವರ, ಟ್ಯೂಷನ್ ಬೋರ್ಡಿಂದು." ನನಗೆ ಬಹಳ ಕುತೂಹಲವಾಯಿತು. ನಗರದ ಚರಿತ್ರೆಯನ್ನು ನಾವು ಕಾಗದದ ಮೇಲೆ ಬರೆಯುತ್ತಿದ್ದಾಗ ಉಳಿದವರು ಸುತ್ತಿಗೆ ಹಿಡಿದು ಮರಗಳ ಮೇಲೆ ಬರೆದಿದ್ದರು.

ಸಿದ್ದರಾಜು ಲೋಹ ಪತ್ತೆ ಮಾಡುವ ಒಂದು ಕೈಯಂತ್ರದಿಂದ ದಿಮ್ಮಿಯ ಮೈ ಸವರಿದರು, ಮಾಲ್‌ಗಳ ಬಾಗಿಲಲ್ಲಿ ನಮ್ಮ ಮೈ ಸವರುತ್ತಾರಲ್ಲ, ಅಂಥದ್ದು. ಅದು ಸುಮ್ಮನಿತ್ತು. "ಇದಕ್ಕೆ ಮೇಲ್ಮೇಲೆ ಇರೋದಷ್ಟೇ ಗೊತ್ತಾಗೋದು. ಒಳಗಿಂದು ನೀವೇ ಹೇಳ್ಬೇಕು" ಎಂದು ನನ್ನ ಸಂದರ್ಶನಕ್ಕೆ ತೊಡಗಿದರು. ಬದುಕೆಲ್ಲ ಬೇರೆಯವರನ್ನು ಪ್ರಶ್ನಿಸಿದವನಿಗೆ ಉತ್ತರಿಸುವ ಸರದಿ.

"ಬಟ್ಟೆ ಹಗ್ಗ ಕಟ್ಟಿದ್ರಾ?"

"ಕಟ್ಟಿದ್ವಿ. ಸುತ್ತಿ ಕಟ್ಟಿದ್ದು, ಮೊಳೆ ಇಲ್ಲ."

"ಗಣೇಶನ ಪೆಂಡಾಲು, ಮನೆ ಖಾಲಿ ಇದೆ ಬೋರ್ಡು?"

"ಇಲ್ಲ."

"ಕಾಯಿ ಬಿಡ್ಲಿಲ್ಲ ಅಂತ ಯಾರಾದ್ರೂ ಮೊಳೆ ಹೊಡೆದಿದ್ರಾ? ಹಲಸಿಗೆ ಹೊಡೀತಾರೆ ಸಾರ್."

ಇದಕ್ಕೆ ನಾನು ಸ್ವಲ್ಪ ಸೆಟೆದು, "ನಮ್ಮ ಮನೇಲಿ ಅಂಥ ಮೂಢನಂಬಿಕೆ ಇಲ್ಲ" ಎಂದೆ. ಸಿದ್ದರಾಜು ನನ್ನ ಮುಖವನ್ನೇ ನೋಡಿದರು. "ಮನೇಲಿ ಅಮ್ಮಾವ್ರನ್ನ ಒಂದ್ಸಲ ಫೋನ್ ಮಾಡಿ ಕೇಳ್ಬಿಡಿ?" ಫೋನು ನನ್ನ ಜೇಬಿನಲ್ಲೇ ಇತ್ತು. "ಬೇಕಾಗಿಲ್ಲ. ಮರದ ಪಕ್ಕದಲ್ಲೇ ನಲವತ್ತು ವರ್ಷದಿಂದ ಇದ್ದೀನಿ" ಎಂದೆ.

ಕೊಯ್ಯಲು ಶುರುವಾಯಿತು. ಸಾಮಿಲ್ಲೆಂದರೆ ದೊಡ್ಡ ಚಕ್ರದ ಗರಗಸ ಎಂದುಕೊಂಡಿದ್ದೆ; ಇಲ್ಲಿದ್ದುದು ಎರಡು ಗಾಲಿಗಳ ಮೇಲೆ ಸುತ್ತುವ, ಸೊಂಟಪಟ್ಟಿಯಂಥ ಹಲ್ಲಿನ ಪಟ್ಟಿ. ದಿಮ್ಮಿ ಅಲುಗುವುದಿಲ್ಲ, ಗರಗಸವೇ ಅದರ ಮೇಲೆ ಹಾಯುತ್ತದೆ. ಮೊದಲು ತೊಗಟೆಯ ಸೀಳು ಬಿತ್ತು, ಆಮೇಲೆ ಬಿಳಿಯ ಹೊರಮರ. ಇನ್ನೆರಡು ಸೀಳು ತೆಗೆದಾಗ ಒಳಗಿನ ಚೇಗು, ಅಂದರೆ ಮರದ ಗಟ್ಟಿ ತಿರುಳು, ಕಂಡಿತು. ಅರಿಸಿನ ಕಲಸಿ ಸುರಿದಂಥ ಹಳದಿ. ಚಪ್ಪರದ ತುಂಬ ಹಣ್ಣಿನದ್ದೇ ವಾಸನೆ ಎಂದು ನನಗನ್ನಿಸಿತು. ಸಿದ್ದರಾಜು ಮೂಗಿಗೆ ಬಟ್ಟೆ ಕಟ್ಟಿದ್ದರಿಂದ ಅದನ್ನು ದೃಢಪಡಿಸಲು ಇನ್ನೊಂದು ಮೂಗಿರಲಿಲ್ಲ. ಮರದ ನಟ್ಟನಡುವೆ ಕೊಯ್ದ ಹಲಗೆ ಒಣಗುವಾಗ ಸೀಳುತ್ತದೆ, ಅದರ ಎಡಬಲದ್ದೇ ಅಗಲ ಮತ್ತು ಗಟ್ಟಿ ಎಂದು ಸಿದ್ದರಾಜು ವಿವರಿಸಿದರು. ಒಂದು ಮಗ್ಗುಲಲ್ಲಿ ಕೊಳೆತ ಗಂಟಿತ್ತು. ಹಾಗಾಗಿ ವತ್ಸಲಾ ಕೇಳಿದ ಅಗಲದ ಹಲಗೆ ಇಡೀ ಮರದಲ್ಲಿ ಒಂದೇ ಒಂದು.

ಆ ಒಂದನ್ನು ಕೊಯ್ಯುವಾಗಲೇ ಕಿರ್‍ರೆಂದು ಒಂದು ಸದ್ದು, ಒಂದು ಕಿಡಿ. ಸಿದ್ದರಾಜು ತಟ್ಟನೆ ಯಂತ್ರ ನಿಲ್ಲಿಸಿದರು. ಪಟ್ಟಿಯ ಒಂದು ಗೇಣು ಹಲ್ಲು ನುಣ್ಣಗಾಗಿತ್ತು. ಅವರು ಬಯ್ಯಲಿಲ್ಲ, ಬಯ್ದಿದ್ದರೆ ವಾಸಿಯಿತ್ತು. ಬೇರೆ ಪಟ್ಟಿ ಹಾಕಿ, ಕಿಡಿ ಹಾರಿದ ಜಾಗವನ್ನು ಉಳಿಯಿಂದ ಬಿಡಿಸಿ, ಇಕ್ಕಳದಿಂದ ನಾಲ್ಕಂಗುಲದ ಒಂದು ಮೊಳೆ ಎಳೆದು ನನ್ನ ಅಂಗೈಯಲ್ಲಿಟ್ಟರು. "ಯಾರ್ದೋ ಪುಣ್ಯಾತ್ಮರದು."

ಮೊಳೆ ಕೈಗೆ ಬಂದಾಗ ನೆನಪೂ ಬಂತು. ಪೇಪರ್ ಹಾಕುವವನು ಸೈಕಲ್ಲಿನಿಂದಲೇ ಎಸೆಯುತ್ತಿದ್ದ. ಮಳೆಗಾಲದಲ್ಲಿ ನಾನೇ ತಿದ್ದಿದ ಪುಟಗಳು ಕೊಚ್ಚೆಯಲ್ಲಿ ತೇಲುತ್ತಿದ್ದವು. ಒಂದು ಭಾನುವಾರ ಗೇಟಿನ ಪಕ್ಕದ ಆ ಮರಕ್ಕೆ ಮೊಳೆ ಹೊಡೆದು ತಗಡಿನ ಡಬ್ಬ ನೇತುಹಾಕಿದ್ದೆ. ಡಬ್ಬ ತುಕ್ಕು ಹಿಡಿದು ಹೋಯಿತು. ಮೊಳೆಯನ್ನು ಮರ ನುಂಗಿತು, ವಿಷಯವನ್ನು ನಾನು.

"ನಂದೇ" ಎಂದೆ. ಸಿದ್ದರಾಜು ಮೊಳೆಯನ್ನು ವಾಪಸು ತೆಗೆದುಕೊಂಡು ಗೋಡೆಯ ಸಂಗ್ರಹಕ್ಕೆ ಸೇರಿಸುತ್ತಾ ಹೇಳಿದರು: "ಬಸವನಗುಡಿದು ಇಲ್ಲೀವರ್ಗೂ ಒಂದೂ ಇರ್ಲಿಲ್ಲ ಸಾರ್."

ಹಲಗೆ ಉಳಿಯಿತು. ಆದರೆ ಒಂದು ಬದಿಗೆ ಬೆರಳು ತೂರುವಷ್ಟು ತೂತು, ಅದರ ಸುತ್ತ ಶಾಯಿ ಚೆಲ್ಲಿದಂತೆ ಕಪ್ಪು. ಮನೆಗೆ ತಂದು ತೋರಿಸಿ, ಅಪರಾಧ ಒಪ್ಪಿಕೊಂಡೆ. ವತ್ಸಲಾ ತೂತಿನಲ್ಲಿ ಬೆರಳಿಟ್ಟು ನೋಡಿ, ಬಯ್ಯುವ ಬದಲು ನಕ್ಕಳು.

"ಡಬ್ಬದ ಮೊಳೆ ತಾನೇ? ನಂಗೆ ನೆನಪಿಲ್ವಾ! ಹತ್ತು ವರ್ಷ ಒಂದೂ ಕಾಯಿ ಬಿಟ್ಟಿರ್ಲಿಲ್ಲ. ನೀವು ಮೊಳೆ ಹೊಡೆದ ಮಾರನೇ ವರ್ಷ ಬಿಡ್ತು. ಇಡೀ ಬೀದಿಗೆ ಗೊತ್ತು."

"ಅದು ಮರದ ವಯಸ್ಸು ಕಣೇ. ಕಾಯಿ ಬಿಡೋ ಕಾಲ ಬಂದಿತ್ತು, ಬಿಡ್ತು."

"ಹಾಗಾದ್ರೆ ಹಿಂದಿನ ವರ್ಷ ಯಾಕೆ ಬಿಡ್ಲಿಲ್ಲ?"

ನನ್ನ ಪರ ಇದ್ದುದು ನಾನೊಬ್ಬನೇ. ಅವಳ ಬಳಿ ಬೀದಿ ತುಂಬ ಸಾಕ್ಷಿಗಳಿದ್ದರು.

ಹಲಗೆಯ ಕೆಳಗೆ ಗಾಳಿಯಾಡಲು ರೀಪರಿನ ಪಟ್ಟಿಗಳನ್ನು ಕೊಟ್ಟು ಮಹಡಿ ಮೆಟ್ಟಿಲ ಕೆಳಗೆ ವರ್ಷವಿಡೀ ಒಣಗಿಸಿದೆವು. ದಿನಕ್ಕೊಂದು ಪತ್ರಿಕೆ ಮುಗಿಸಿ ಬದುಕಿದವನು ಒಂದು ಹಲಗೆಗಾಗಿ ಇಷ್ಟು ಕಾದದ್ದು ಹೊಸ ಅನುಭವ. ಉಯ್ಯಾಲೆ ಮಾಡಿದ ಬಡಗಿ ತೂತಿಗೆ ಮರದ ಪುಡಿ, ಅಂಟು ಕಲಸಿ ತುಂಬುತ್ತೇನೆಂದ. ವತ್ಸಲಾ ಬಿಡಲಿಲ್ಲ. ಉಯ್ಯಾಲೆ ಈಗ ನಡುಮನೆಯಲ್ಲಿ ತೂಗುತ್ತಿದೆ. ತೂತಿನ ಬದಿ ನನ್ನದು. ನಮ್ಮ ಪತ್ರಿಕೆಯಲ್ಲಿ ತಪ್ಪಾದರೆ ಒಳಪುಟದ ಕೆಳಮೂಲೆಯಲ್ಲಿ ಮೂರು ಸಾಲಿನ ತಿದ್ದುಪಡಿ ಹಾಕಿ ಮುಗಿಸುತ್ತಿದ್ದೆವು. ನನ್ನದು ಮನೆಯ ಮುಖಪುಟದಲ್ಲೇ ಇದೆ. ಬಂದವರೆಲ್ಲ ಬೆರಳಿಟ್ಟು ಕೇಳುತ್ತಾರೆ, ಅವಳು ತನ್ನ ಆವೃತ್ತಿ ಹೇಳುತ್ತಾಳೆ.

ಅದನ್ನು ಕೇಳಿಸಿಕೊಂಡೇ ಹೋದ ವಾರ ಎದುರು ಮನೆಯ ಪದ್ಮಮ್ಮನವರು ಬಂದರು. ಅವರ ಹಲಸು ಇನ್ನೂ ಕಾಯಿ ಬಿಟ್ಟಿಲ್ಲ. "ನಿಮ್ಮ ಕೈಗುಣ ಚೆನ್ನಾಗಿದೆಯಂತೆ. ಬಂದು ಒಂದು ಮೊಳೆ ಹೊಡೆದ್ಬಿಡಿ" ಎಂದರು. ವೈಜ್ಞಾನಿಕ ಮನೋಭಾವದ ಬಗ್ಗೆ ಅವರಿಗೆ ನಾಲ್ಕು ಮಾತು ಹೇಳಿ ಕಳಿಸಿದೆ ಎಂದು ಬರೆದು ಇದನ್ನು ಮುಗಿಸಬೇಕೆಂದಿದ್ದೆ. ಆದರೆ ಈಗ ನಾನು ಬರೆದದ್ದನ್ನೆಲ್ಲ ಅಚ್ಚಿಗೆ ಮೊದಲು ವತ್ಸಲಾಳಿಗೆ ತೋರಿಸುವ ನಿಯಮವಿದೆ. ಆದ್ದರಿಂದ ವರದಿ ಹೀಗೆ: ಹೋದೆ. ಹೊಡೆದೆ. ಮೊಳೆ ಯಾವ ಮಗ್ಗುಲಲ್ಲಿದೆ, ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದು, ಪದ್ಮಮ್ಮನವರಿಂದ ಸಾಕ್ಷಿಗೆ ಸಹಿ ಹಾಕಿಸಿ, ಅವರ ಮನೆಯ ಪತ್ರಗಳ ಜೊತೆ ಇಡಿಸಿ ಬಂದಿದ್ದೇನೆ.